ಮೊಜಾರ್ಟ್ ಪತ್ರಗಳು: ಎರಡನೇ ನೋಟ್‌ಬುಕ್ ಶುರು

ಜೂನ್ 14, ಟಿಳಕವಾಡಿ

ಮಳೆ ಹಿಡಿದ ಮೇಲೆ ಸಂಜೆಯ ವಾಕಿಂಗ್ ನಿಂತಿದೆ. ಹಾಗಾಗಿ ಕೆಲಸ ಮುಂದೆ ಹೋಗಿದೆ, ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಹದಿನಾರು ಪತ್ರ ಕನ್ನಡಕ್ಕೆ ಬಂದವು. ಇಂಗ್ಲಿಷ್ ಅನುವಾದ ನೋಡಿಕೊಂಡು ಬರೆಯುತ್ತೇನೆ, ಸಂಶಯ ಬಂದಲ್ಲಿ ಜರ್ಮನ್ ಮೂಲ ಮತ್ತು ಡಿಕ್ಷನರಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಪಕ್ಕದಲ್ಲೇ ಇರುವಾಗ ನಿನಗೆ ಇವನ್ಯಾಕೆ ಅಂತ ಗೆಳೆಯ ಕೇಳಿದ. ಅವರ ಪತ್ರ ಸಿಕ್ಕರೆ ಅದನ್ನೂ ಓದುತ್ತೇನೆ ಬಿಡು ಅಂದೆ.

ಅಪ್ಪನಿಗೆ ಮೊಜಾರ್ಟ್ ಬಹುವಚನದಲ್ಲೇ ಬರೆಯುತ್ತಾನೆ. ಕೊನೆಗೆ ‘ಸಾವಿರ ಸಲ ನಿಮ್ಮ ಕೈಗೆ ಮುತ್ತಿಡುತ್ತೇನೆ’ ಅನ್ನುತ್ತಾನೆ. ಅದನ್ನು ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ’ ಅಂತ ಮಾಡಿದ್ದೆ. ಎರಡು ದಿನ ಬಿಟ್ಟು ಓದಿದರೆ ಆಸಾಮಿ ಧೋತರ ಉಟ್ಟು ನಿಂತ ಹಾಗಿತ್ತು! ಹೊಡೆದು ಹಾಕಿದೆ. ಕೈಗೆ ಮುತ್ತೇ ಇರಲಿ.

ಜೂನ್ 29

ಎರಡು ವಾರ ಒಂದೇ ರಾತ್ರಿಯ ಮೇಲೆ ಹೋಯಿತು. 1778ರ ಜುಲೈ 3, ಪ್ಯಾರಿಸ್. ಮೊಜಾರ್ಟ್‌ಗೆ 22 ವರ್ಷ. ರಾತ್ರಿ 10 ಗಂಟೆ 21 ನಿಮಿಷಕ್ಕೆ ತಾಯಿ ತೀರಿಕೊಂಡಳು. ಅದೇ ರಾತ್ರಿ ಕೂತು ಸಾಲ್ಜ್‌ಬರ್ಗ್‌ನಲ್ಲಿದ್ದ ಅಪ್ಪ ಲಿಯೊಪೋಲ್ಡ್‌ಗೆ ಬರೆದ: ಅಮ್ಮನಿಗೆ ತುಂಬಾ ಹುಷಾರಿಲ್ಲ. ಆಮೇಲೆ ಈ ದುಃಖದ ಮಾತು ಬಿಡೋಣ ಅಂತ ಹೇಳಿ ತನ್ನ ಹೊಸ ಸಿಂಫನಿಗೆ ಜನ ಹೇಗೆ ಚಪ್ಪಾಳೆ ತಟ್ಟಿದರು, ಮುಗಿದ ಮೇಲೆ ತಾನು ಹೋಗಿ ಐಸ್ ತಿಂದದ್ದು, ಹರಕೆಯಂತೆ ಜಪಮಾಲೆ ಹಿಡಿದದ್ದು ಎಲ್ಲ ಬರೆದ. ಮೊದಲ ಸಲ ಓದಿದಾಗ ಸಿಟ್ಟೇ ಬಂತು. ಹೆಣದ ಪಕ್ಕ ಕೂತು ಐಸ್ ಕಥೆಯಾ?

ಆದರೆ ರಾತ್ರಿ 2 ಗಂಟೆಗೆ ಇನ್ನೊಂದು ಪತ್ರ ಇದೆ, ಮನೆಯ ಆಪ್ತ ಬುಲಿಂಗರ್‌ಗೆ. ನನ್ನ ಜೊತೆ ಅಳಿ ಗೆಳೆಯಾ, ಅಮ್ಮ ಇನ್ನಿಲ್ಲ, ಅಪ್ಪನ ಮನಸ್ಸು ಗಟ್ಟಿ ಮಾಡಿಸಿ ಅಂತ.

ಅತ್ತೆಗೆ ಎರಡನ್ನೂ ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ನಮ್ಮಲ್ಲೂ ಹಂಗ ಅಲ್ಲೇನು? ಸತ್ತಾರಂತ ತಾರ್ ಕೊಡ್ತಿದ್ದಿಲ್ಲ. ಸೀರಿಯಸ್ ಅದಾರ, ಲಗೂನ ಬಾ ಅಂತಿದ್ರು.” ಹೌದಲ್ವಾ! ಹೀಗೆ ನೋಡಿದ ಮೇಲೆ ಐಸ್ ಮಾತು ಬೇರೆಯಾಗಿ ಕೇಳಿಸುತ್ತದೆ. ಮಾಮೂಲಿ ಸುದ್ದಿ ಇಲ್ಲದಿದ್ದರೆ ಅಪ್ಪ ಗುಟ್ಟು ಹಿಡಿದುಬಿಡುತ್ತಿದ್ದ. ಆ ಪುಟವನ್ನು ಮತ್ತೆ ಬರೆದೆ. ಮೊದಲಿನ ಕರಡಿನಲ್ಲಿ ನನಗೇ ಗೊತ್ತಿಲ್ಲದೆ ಅವನನ್ನು ಒರಟಾಗಿಸಿದ್ದೆ.

ಲಿಯೊಪೋಲ್ಡ್‌ನ ಉತ್ತರ ಇನ್ನೂ ಕಷ್ಟ. ಜುಲೈ 12ಕ್ಕೆ ಶುರು ಮಾಡಿದ ಪತ್ರದಲ್ಲಿ ಹೆಂಡತಿಯ ನಾಮದಿನಕ್ಕೆ, ಅಂದರೆ ಅವಳ ಹೆಸರಿನ ಸಂತಳ ಹಬ್ಬಕ್ಕೆ, ಶುಭಾಶಯ ಹೇಳಿದ್ದಾನೆ. ಮರುದಿನ ಬೆಳಿಗ್ಗೆ ಮಗನ ಪತ್ರ ಕೈಗೆ ಬಂತು. ಶುಭಾಶಯ ಇದ್ದ ಅದೇ ಪತ್ರ ಮುಂದುವರಿಯುತ್ತದೆ. ಈ ಭಾಗ ನಾಲ್ಕು ಸಲ ಬರೆದರೂ ಸರಿಬಂದಿಲ್ಲ.

ಜುಲೈ 6

1781ರ ಪತ್ರ ಮುಗಿಯಿತು. ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್‌ನ ನೌಕರಿ ಬಿಡುವಾಗ ಅವನ ಅಧಿಕಾರಿ ಕೌಂಟ್ ಆರ್ಕೊ ತನ್ನನ್ನು ಒದ್ದು ಹೊರಹಾಕಿದ್ದನ್ನು ಅಪ್ಪನಿಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ತನ್ನ ಅವಮಾನ ಮುಚ್ಚಿಡುವ ಅಭ್ಯಾಸ ಇವನಿಗೆ ಇಲ್ಲ. 1788ರಿಂದ ವಿಯೆನ್ನಾದ ವ್ಯಾಪಾರಿ ಗೆಳೆಯ ಪುಖ್‌ಬರ್ಗ್‌ಗೆ ಸಾಲ ಕೇಳಿದ ಪತ್ರಗಳೂ ಹಾಗೇ, ಸುಮ್ನೆ ಗೋಗರೆಯುತ್ತಾನೆ. ಒಂದಾದ ಮೇಲೊಂದು ಓದಿದರೆ ಬೇಜಾರಾಗುತ್ತದೆ. ಮೂರು ಸಾಕು.

ಮುಂದಿನ ವಾರ ಆಗ್ಸ್‌ಬರ್ಗ್‌ನ ಚಿಕ್ಕಪ್ಪನ ಮಗಳಿಗೆ ಬರೆದ ಪತ್ರಗಳು. ಪೂರ್ತಿ ಹೇಲು-ಹೂಸಿನ ತಮಾಷೆ. ಪದಗಳಿಗೆ ನಮ್ಮಲ್ಲೇನೂ ಬರ ಇಲ್ಲ. ಆದರೆ ಅತ್ತೆ ಈಗ ದಿನಾ ಸಂಜೆ ಬಂದು ಇವತ್ತಿಂದು ಓದು ಅನ್ನುತ್ತಾರೆ.