ಆರನೇ ಬೆಡ್ಡಿನ ಅಜ್ಜ ಕನ್ನಡಿ ಕೇಳಿದರು

14 ನವೆಂಬರ್ 2024, ಗುರುವಾರ ರಾತ್ರಿ, ಲಂಡನ್

ಕೆಳದವಡೆ ತೆಗೆದು ಅಲ್ಲಿ ಕಾಲಿನ ಮೂಳೆ ಕೂರಿಸಿ ಇವತ್ತಿಗೆ ಹನ್ನೊಂದು ದಿನ. ಮಾತು ಇನ್ನೂ ಬಂದಿಲ್ಲ, ಬರೆದು ತೋರಿಸ್ತಾರೆ. ಸಂಜೆ ಡ್ರೆಸ್ಸಿಂಗ್ ಮುಗಿಸಿ ಎದ್ದರೆ ತೋಳು ಹಿಡಿದು ನಿಲ್ಲಿಸಿ ಬರೆದರು: ಕನ್ನಡಿ.

"ನಾಳೆ ಡಾಕ್ಟರ್ ಬರಲಿ" ಅಂದೆ.

"ನೀನು ದಿನಾ ನೋಡ್ತೀಯಲ್ಲ, ಹೇಗಿದೆ ಹೇಳು."

"ಗಾಯ ಚೆನ್ನಾಗಿ ಮಾಯ್ತಿದೆ" ಅಂದೆ. ಅವರು ಕೇಳಿದ್ದು ಗಾಯದ ಸುದ್ದಿ ಅಲ್ಲ. ಪೆನ್ನು ಮುಚ್ಚಿ ಕಿಟಕಿ ಕಡೆ ತಿರುಗಿಬಿಟ್ಟರು.

ಮನೆಗೆ ಬಂದವಳೇ ಹೆನ್ರಿ ಟಾಂಕ್ಸ್ ಚಿತ್ರಗಳನ್ನ ತೆಗೆದು ಕೂತೆ. ಊಟ ತಣ್ಣಗಾಯ್ತು.

ಟಾಂಕ್ಸ್ ಇಂಗ್ಲೆಂಡಿನ ಚಿತ್ರಕಾರರು. ಮೊದಲು ಸರ್ಜನ್ ಆಗಿದ್ದವರು ಕತ್ತರಿ ಬಿಟ್ಟು 1892ರಲ್ಲಿ ಸ್ಲೇಡ್ ಕಲಾಶಾಲೆಯಲ್ಲಿ ಮೇಷ್ಟ್ರಾದರು, 1930ರವರೆಗೂ ಅಲ್ಲೇ. ಮುಂದೆ ಹೆಸರಾದ ಚಿತ್ರಕಾರರು ಸ್ಟ್ಯಾನ್ಲಿ ಸ್ಪೆನ್ಸರ್, ಪಾಲ್ ನ್ಯಾಶ್ ಇಬ್ಬರೂ ಟಾಂಕ್ಸ್ ಹತ್ತಿರವೇ ಕಲಿತವರು. ಚರ್ಮದ ಕೆಳಗಿನ ಮೂಳೆ ಗೊತ್ತಿಲ್ಲದೆ ಎಳೆದ ಗೆರೆ ಕಂಡರೆ ಬಿಡ್ತಿರಲಿಲ್ಲ. ಹುಡುಗಿಯರು ಕ್ಲಾಸಿನಲ್ಲಿ ಅತ್ತಿದ್ದೂ ಉಂಟು. ಆ ಗದರಿಕೆಯನ್ನ ಮಾತ್ರ ನಾನು ಒಪ್ಪಲಾರೆ.

ಆದರೆ 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಐವತ್ತು ದಾಟಿದ ಮೇಲೆ, ಅದೇ ಮನುಷ್ಯ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಮುಖದ ಸರ್ಜನ್ ಹ್ಯಾರಲ್ಡ್ ಗಿಲ್ಲೀಸ್ ಪಕ್ಕ ನಿಂತು, ಮುಖ ಒಡೆದು ಬಂದ ಸಿಪಾಯಿಗಳನ್ನ ಪೇಸ್ಟಲ್ ಅನ್ನೋ ಬಣ್ಣದ ಕಡ್ಡಿಗಳಲ್ಲಿ ಬರೆದರು. ಆಪರೇಷನ್‌ಗೆ ಮುಂಚೆ ಒಂದು, ಆಮೇಲೆ ಒಂದು. ಆಗಿನ ಫೋಟೋ ಕಪ್ಪು-ಬಿಳುಪು, ಮಾಂಸದ ಬಣ್ಣ ಅದರಲ್ಲಿ ಸಿಗ್ತಿರಲಿಲ್ಲ. ಎಪ್ಪತ್ತರಷ್ಟು ಚಿತ್ರ ಇಲ್ಲೇ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿವೆ.

ಗಾಯ ಮಾತ್ರ ಬರೆದಿದ್ದರೂ ಅವರ ಕೆಲಸ ಮುಗೀತಿತ್ತು. ಆದರೆ ಕಿವಿ ಬರೆದಿದ್ದಾರೆ, ಕೆದರಿದ ಕೂದಲು ಬರೆದಿದ್ದಾರೆ. ತುಟಿ ಹರಿದು ಹಲ್ಲು ಹೊರಗೆ ಕಾಣುವ ಹುಡುಗನ ಕಣ್ಣು ನೇರ ನಮ್ಮ ಕಣ್ಣಿಗೇ ನೆಟ್ಟಿದೆ. ಪೇಸ್ಟಲ್ ಪುಡಿಯನ್ನ ಕೆನ್ನೆ ಮೇಲೆ ಬೆರಳಲ್ಲಿ ಒರೆಸಿದ ಹಾಗಿದೆ. ಹಾಗೆ ಸವರಬೇಕಾದರೆ ಎಷ್ಟು ಹೊತ್ತು ಆ ಮುಖ ನೋಡಿರಬೇಕು! ಇವನ್ನ ಸಾರ್ವಜನಿಕರಿಗೆ ತೋರಿಸೋದು ಅವರಿಗೇ ಇಷ್ಟ ಇರಲಿಲ್ಲ.

ಅಕ್ಕ ಫೋನ್ ಮಾಡಿದ್ದಳು. ಹೇಳಿದೆ.

"ಅಂಥ ಮುಖ ಬರೆಯೋಕೆ ಮನಸ್ಸಾದ್ರೂ ಹೇಗೆ ಬಂತೇ ಅವರಿಗೆ?"

"ಮುಖ ತಿರುಗಿಸಿಕೊಳ್ಳದೇ ಇರೋರು ಒಬ್ರಾದ್ರೂ ಬೇಕಲ್ವೇನೆ ಅಕ್ಕ."

ಸುಮ್ಮನಾದಳು. ಆಮೇಲೆ ಅಮ್ಮನ ಸಕ್ಕರೆ ಜಾಸ್ತಿ ಆಗಿದೆ ಅಂದಳು. ಈಗ ಅದೊಂದು ಯೋಚನೆ ಬೇರೆ.

ಆ ಕಾಲದ ಮುಖದ ಗಾಯಾಳುಗಳ ವಾರ್ಡುಗಳಲ್ಲಿ ಕನ್ನಡಿ ಇಡ್ತಿರಲಿಲ್ಲವಂತೆ. ನಾನೂ ಇವತ್ತು ಅದನ್ನೇ ಮಾಡಿದೆ.

ನಾಳೆ ಬೆಳಗಿನ ಪಾಳಿ. ರೌಂಡ್ಸ್‌ಗೆ ಮುಂಚೆ ಡಾಕ್ಟರನ್ನ ಕೇಳ್ತೀನಿ, ಕನ್ನಡಿ ನಾನೇ ಹಿಡ್ಕೊಂಡು ನಿಲ್ಲಬಹುದಾ ಅಂತ. ಅಂಗೈಯಗಲದ್ದು ಬೇಡ, ಹೊಲಿಗೆ ಮಾತ್ರ ಕಾಣುತ್ತೆ. ಕಣ್ಣು, ಕಿವಿ, ಆ ಬಿಳಿ ಹುಬ್ಬು ಎಲ್ಲಾ ಕಾಣುವಂಥದ್ದು, ನರ್ಸಸ್ ರೂಮಿನ ಗೋಡೆದನ್ನ ಬಿಚ್ಚೋಕೆ ಆದರೆ...