ಮ್ಯೂಟ್ ತೆಗೆದಾಗ ಕೇಳಿದ ಮಳೆ

2020ರ ಜೂನ್ 29, ಸೋಮವಾರ. ಬೆಳಿಗ್ಗೆ 11 ಗಂಟೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಾಲ್‌ನಲ್ಲಿ ಶ್ಯಾವಿಗೆ ಒತ್ತು ಮುಂದಿಟ್ಟುಕೊಂಡು ಪಾಠಕ್ಕೆ ಕೂತಿದ್ದೆ.

ಶ್ಯಾವಿಗೆ ಒತ್ತು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಬೋರ್ಡಿಲ್ಲದೆ ನನ್ನ ಪಾಠ ನಡೆಯುವುದಿಲ್ಲ. ಮಾರ್ಚ್ ಮಧ್ಯದಲ್ಲಿ ಕಾಲೇಜು ಮುಚ್ಚಿತು, 25ರಿಂದ ಲಾಕ್‌ಡೌನ್ ಶುರುವಾಯಿತು, ಏಪ್ರಿಲ್‌ನಲ್ಲಿ ಫೋನಿನಲ್ಲೇ ಪಾಠ ಮಾಡಿ ಅಂದರು. ಫೋನು ಹಿಡಿದುಕೊಂಡು ಬಾಯಲ್ಲಿ ಸೂತ್ರ ಹೇಳಿದರೆ ಯಾರ ತಲೆಗೆ ಹೋಗುತ್ತದೆ? ಬರೆಯುವ ಕೈ ಕಾಣಬೇಕು. ಡಬ್ಬಗಳನ್ನು ಪೇರಿಸಿ ಅದರ ಮೇಲೆ ಫೋನಿಟ್ಟೆ, ಬಿತ್ತು. ಕುರ್ಚಿಗೆ ಕಟ್ಟಿದೆ, ವಾಲಿತು. ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಅಟ್ಟದಿಂದ ಶ್ಯಾವಿಗೆ ಒತ್ತು ಇಳಿಸಿಕೊಂಡು ಬಂದರು. ಮೂರು ಕಾಲಿನ ಕಬ್ಬಿಣದ ಒತ್ತು. ಹಿಟ್ಟು ತುಂಬುವ ಹಿತ್ತಾಳೆ ಕೊಳವೆ ತೆಗೆದರೆ ಮೇಲೆ ದುಂಡನೆ ಬಳೆ ಉಳಿಯುತ್ತದೆ. ಆ ಬಳೆಯ ಮೇಲೆ ಫೋನು ಅಡ್ಡ ಮಲಗಿಸಿದರೆ ಕ್ಯಾಮೆರಾ ಸರಿಯಾಗಿ ಕೆಳಗಿನ ಹಾಳೆ ನೋಡುತ್ತದೆ. ಅಲ್ಲಾಡುವುದಿಲ್ಲ. ಅಜ್ಜಿ ಕಾಲದ ಒತ್ತು ಅದು. ಮೂರು ತಿಂಗಳು ನನ್ನ ಬೋರ್ಡು ಅದೇ.

ಮೀಟಿಂಗಿಗೆ ನಾನು ಎರಡು ಕಡೆಯಿಂದ ಸೇರುತ್ತಿದ್ದೆ. ಹಾಳೆ ತೋರಿಸಲು ಫೋನು, ಮಕ್ಕಳ ಹೆಸರು ನೋಡಲು ಲ್ಯಾಪ್‌ಟಾಪು. ಎರಡರ ಮೈಕನ್ನೂ ಒಟ್ಟಿಗೆ ಬಿಟ್ಟರೆ ಒಂದರ ದನಿ ಇನ್ನೊಂದಕ್ಕೆ ಹೋಗಿ ಕಿವಿ ಕಿತ್ತುಹೋಗುವ ಹಾಗೆ ಕೀರಲು ಶುರು. ಹಾಗಾಗಿ ಫೋನಿಗೆ ಬಾಯಿ, ಲ್ಯಾಪ್‌ಟಾಪಿಗೆ ಕಣ್ಣು ಅಂತ ಹಂಚಿಬಿಟ್ಟಿದ್ದೆ. ಮೊದಲು ಜೂಮ್‌ನಲ್ಲಿ ಮಾಡುತ್ತಿದ್ದೆ. ದುಡ್ಡು ಕೊಡದವರಿಗೆ ಅದರಲ್ಲಿ 40 ನಿಮಿಷದ ಮಿತಿ. ಮೇ ತಿಂಗಳಲ್ಲಿ ಗೂಗಲ್ ಮೀಟ್ ಎಲ್ಲರಿಗೂ ಉಚಿತವಾಯಿತು, ಅದಕ್ಕೆ ಬಂದೆವು.

ಹಾಳೆ ತೋರಿಸುವುದರಲ್ಲಿ ಇನ್ನೊಂದು ಅನುಕೂಲವಿದೆ. ಈ ತಂತ್ರಾಂಶಗಳು ಇಡೀ ಚಿತ್ರವನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುವುದಿಲ್ಲ, ಹೆಚ್ಚಾಗಿ ಬದಲಾದ ಭಾಗವನ್ನಷ್ಟೇ ಕಳಿಸುತ್ತವೆ. ಅಲ್ಲಾಡದ ಬಿಳಿ ಹಾಳೆ, ಅದರ ಮೇಲೆ ಒಂದು ಕೈ. ಡೇಟಾ ಕಡಿಮೆ ಸಾಕು. ನಮ್ಮ ಮಕ್ಕಳಲ್ಲಿ ತುಂಬಾ ಜನಕ್ಕೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಅದರಲ್ಲಿ ನಾಲ್ಕು ಪಾಠ ಕೇಳಬೇಕು, ಮನೆಯಲ್ಲಿ ತಮ್ಮ ತಂಗಿಯರಿಗೂ ಬೇಕು. ಎಲ್ಲರೂ ಮುಖ ತೋರಿಸಿಕೊಂಡು ಕೂತರೆ ಗಂಟೆಗೆ ಅರ್ಧ ಜಿಬಿಗೂ ಜಾಸ್ತಿ ಹೋಗುತ್ತದೆ. ಅದಕ್ಕೇ ನಾನೇ ಹೇಳಿದ್ದೆ, ವಿಡಿಯೋ ಬೇಡ, ಮೈಕ್ ಮ್ಯೂಟ್ ಇರಲಿ, ಕೇಳಿಸಿಕೊಳ್ಳಿ ಸಾಕು ಅಂತ.

ಹಾಗಾಗಿ ನನ್ನೆದುರು 52 ಮಕ್ಕಳ ತರಗತಿ ಬಣ್ಣದ ದುಂಡುಗಳಾಗಿ ಕೂತಿತ್ತು. ಒಂದೊಂದು ದುಂಡಿನಲ್ಲಿ ಹೆಸರಿನ ಮೊದಲ ಅಕ್ಷರ. ಐದಾರು ಜನ ಮಾತ್ರ ಮಾತಾಡುತ್ತಿದ್ದರು. "ಅರ್ಥ ಆಯ್ತಾ?" ಅಂದರೆ "ಆಯ್ತು ಮೇಡಂ" ಅನ್ನುವವರು ಅವರೇ. ಉಳಿದವರು ಸುಮ್ನೆ. ವಾರಕ್ಕೊಂದು ಸಲ ಕಾಲೇಜಿಗೆ ವರದಿ ಕಳಿಸಬೇಕಿತ್ತು. "ಪಾಠ ಚೆನ್ನಾಗಿ ನಡೆಯುತ್ತಿದೆ, ವಿದ್ಯಾರ್ಥಿಗಳು ಚೆನ್ನಾಗಿ ಸ್ಪಂದಿಸುತ್ತಿದ್ದಾರೆ" ಅಂತ ಮೂರು ವಾರ ಬರೆದು ಕಳಿಸಿದ್ದೆ. ನಂಬಿಯೇ ಬರೆದಿದ್ದೆ.

ಜೂನ್ 29 ನಮ್ಮ ವಿಷಯದವರಿಗೆ ದೊಡ್ಡ ದಿನ. ಪ್ರಶಾಂತ ಚಂದ್ರ ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು. 2007ರಿಂದ ಆ ದಿನವನ್ನು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ. ಬಂಗಾಳದಲ್ಲಿ ಸೆಣಬಿನ ಬೆಳೆ ಎಷ್ಟಿದೆ ಅಂತ ತಿಳಿಯಲು ಎಲ್ಲ ಹೊಲ ಅಳೆಯಬೇಕಿಲ್ಲ, ಸರಿಯಾಗಿ ಆರಿಸಿದ ಕೆಲವು ತುಂಡು ನೆಲ ನೋಡಿದರೆ ಸಾಕು ಅಂತ ತೋರಿಸಿದವರು ಅವರು. ಅವರು ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲೇ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಬೆಳೆದದ್ದು. ಆ ವರ್ಷದ ಸೆಪ್ಟೆಂಬರ್‌ಗೆ ಅವರಿಗೆ 100 ತುಂಬುವುದಿತ್ತು. ಇದನ್ನೆಲ್ಲ ಹೇಳಿ, ಅವತ್ತೇ ಸ್ಯಾಂಪಲಿಂಗ್ ಪಾಠ ಮಾಡೋಣ ಅಂತ ಎತ್ತಿಟ್ಟುಕೊಂಡಿದ್ದೆ.

ಶುರು ಮಾಡಿ ಹತ್ತು ನಿಮಿಷ ಆಗಿರಬಹುದು. ಯಾರದೋ ಮೈಕ್ ತೆರೆದುಕೊಂಡಿತು. ಸಣ್ಣಗೆ ಜಿಟಿಜಿಟಿ ಮಳೆ. ಶೀಟಿನ ಮೇಲೆ ಬೀಳುವ ಹಾಗಲ್ಲ, ಎಲೆಗಳ ಮೇಲೆ ಬೀಳುವ ಹಾಗೆ. ಬಿಡುವೇ ಇಲ್ಲದ ಸದ್ದು. ಕಿಟಕಿಯಾಚೆ ನೋಡಿದೆ, ನಮ್ಮಲ್ಲಿ ಬಿಸಿಲು.

"ಯಾರಪ್ಪಾ ಮೈಕ್ ಆನ್ ಇರೋದು? ಯಾವೂರಲ್ಲಿ ಮಳೆ?"

"ಸಾರಿ ಮೇಡಂ, ನಂದು. ಕೈ ತಗುಲಿ ಆನ್ ಆಗೋಯ್ತು. ಮಳೆ ಅಲ್ಲ ಮೇಡಂ. ಹುಳ ಸೊಪ್ಪು ತಿಂತಾ ಇದಾವೆ."

ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಹುಡುಗ. ಏಪ್ರಿಲ್‌ನಿಂದ ಅವನ ದನಿಯನ್ನೇ ನಾನು ಕೇಳಿರಲಿಲ್ಲ. ಮ್ಯೂಟ್ ಮಾಡಬೇಡ ಅಂದೆ. ಫೋನನ್ನು ಸೊಪ್ಪಿನ ಹತ್ತಿರ ಹಿಡಿ ಅಂದೆ. ಹಿಡಿದ. ಮಳೆ ಜೋರಾಯಿತು. ಸಾವಿರಾರು ರೇಷ್ಮೆ ಹುಳ ಒಟ್ಟಿಗೆ ಹಿಪ್ಪುನೇರಳೆ ಎಲೆ ಕತ್ತರಿಸುವ ಸದ್ದು ಅದು. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಸದ್ದು ಗೊತ್ತಾಗಲಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

"ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು ಮೇಡಂ. ಈಗ್ಲೇ ಜಾಸ್ತಿ ತಿನ್ನೋದು. ಕೂಲಿಯವ್ರು ಬರ್ತಾ ಇಲ್ಲ. ಅದಕ್ಕೆ ಸೊಪ್ಪು ಹಾಕ್ತಾ ಪಾಠ ಕೇಳ್ತೀನಿ. ವಿಡಿಯೋ ಆನ್ ಮಾಡ್ಲಾ? ಇವತ್ತು ನೆಟ್ ಇದೆ."

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಒಂದು ವಾರದಲ್ಲಿ ತಿನ್ನುವ ಸೊಪ್ಪು ಅದಕ್ಕೂ ಹಿಂದಿನ ದಿನಗಳಲ್ಲೆಲ್ಲ ತಿಂದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ವಾರ ಮನೆಯವರಿಗೆ ನಿದ್ದೆಯಿಲ್ಲ. ಅದು ಮುಗಿದರೆ ಹುಳ ಹಣ್ಣಾಯಿತು ಅನ್ನುತ್ತಾರೆ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುತ್ತಾರೆ. ಹುಡುಗ ವಿಡಿಯೋ ಹಾಕಿದ. ಒಂದರ ಮೇಲೊಂದು ಅಟ್ಟಣಿಗೆ, ರೆಂಬೆ ಸಮೇತ ಹಾಸಿದ ಸೊಪ್ಪು, ಅದರ ಮೇಲೆಲ್ಲ ಕಿರುಬೆರಳಿನಷ್ಟು ದಪ್ಪದ ಬಿಳಿ ಹುಳ. ಹುಳುಮನೆಯೊಳಗೆ ಹೊರಗಿನವರನ್ನು ಸುಲಭಕ್ಕೆ ಬಿಡುವುದಿಲ್ಲ, ರೋಗ ತಗುಲೀತು ಅನ್ನುವ ಭಯ. ಅವತ್ತು ನಾವಿಷ್ಟೂ ಜನ ಚಪ್ಪಲಿ ಬಿಡದೆ, ಕಾಲು ತೊಳೆಯದೆ ಒಳಗೆ ಹೋಗಿ ನಿಂತೆವು.

ಆಮೇಲಾಮೇಲೆ ಈ ತಂತ್ರಾಂಶಗಳು ಮಾತು ಯಾವುದು, ಉಳಿದ ಸದ್ದು ಯಾವುದು ಅಂತ ತಾವೇ ಗುರುತಿಸಿ ಉಳಿದದ್ದನ್ನು ಅಳಿಸುವುದನ್ನು ಕಲಿತವು. ಫ್ಯಾನಿನ ಸದ್ದು, ಮಳೆಯ ಸದ್ದು ಯಾವುದೂ ದಾಟಿ ಬರುವುದಿಲ್ಲ. ಪಾಠಕ್ಕೆ ಅದು ಒಳ್ಳೆಯದೇ ಇರಬಹುದು. ಆದರೆ ಆ ಹುಡುಗನ ಮನೆ ನನಗೆ ಗೊತ್ತಾದದ್ದು ಆ ಉಳಿದ ಸದ್ದಿನಿಂದಲೇ ಅಲ್ವಾ?

ಅಷ್ಟರಲ್ಲಿ ಅವನ ಅಪ್ಪ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದರು. ಯಾರ ಜೊತೆ ಮಾತು ಅಂತ ಕೇಳಿದರು. ಹೊರೆ ಇಳಿಸಿ, ತಲೆಯ ಟವೆಲ್ ತೆಗೆದು, ಫೋನಿಗೆ ಕೈಮುಗಿದರು.

"ನಮಸ್ಕಾರ ಮೇಡಮ್ಮೋರೆ. ಹುಡುಗ ಪಾಠ ಕೇಳ್ತಾನಾ?"

"ಕೇಳ್ತಾನೆ. ನಿಮ್ಮನ್ನೇ ಒಂದು ಕೇಳಬೇಕಿತ್ತು ಯಜಮಾನ್ರೆ. ಮಾರ್ಕೆಟ್‌ನಲ್ಲಿ ರೀಲರ್‌ಗಳು ಗೂಡಿಗೆ ಬೆಲೆ ಕಟ್ಟುವಾಗ ಹೇಗೆ ನೋಡ್ತಾರೆ?"

ಗೂಡು ಕೊಂಡು ರೇಷ್ಮೆ ನೂಲು ತೆಗೆಯುವವರು ರೀಲರ್‌ಗಳು. ಪಾಠದಲ್ಲಿ ಇದೊಂದು ಉದಾಹರಣೆಯಾಗಲಿ ಅಂತ ಕೇಳಿದ್ದೆ. ಅವರು ಗಂಭೀರವಾಗಿ, ನಿಧಾನವಾಗಿ ಹೇಳಿದರು.

"ಮೇಲಿಂದ ಯಾರು ತಗೊಂತಾರೆ ಮೇಡಮ್ಮೋರೆ? ಒಳ್ಳೇವು ಮೇಲೆ ಹರಡಿರ್ತೀವಿ ಅಂತ ಅವ್ರಿಗೆ ಗೊತ್ತಿಲ್ವಾ? ಬುಡಕ್ಕೆ ಕೈ ಹಾಕ್ತಾರೆ. ಈ ಮೂಲೆಯಿಂದ ಒಂದು ಹಿಡಿ, ಆ ಮೂಲೆಯಿಂದ ಒಂದು ಹಿಡಿ. ಅದ್ರಲ್ಲಿ ಜೊಳ್ಳು ಎಷ್ಟು, ಜೋಡಿ ಗೂಡು ಎಷ್ಟು ಅಂತ ನೋಡ್ತಾರೆ. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. ಮೇಲಿನ ಗೂಡು ನೋಡಿ ಬೆಲೆ ಕಟ್ಟಿದೋನು ಮುಳುಗಿ ಹೋಗ್ತಾನೆ."

ಪುಸ್ತಕದಲ್ಲಿ ಮೂರು ಪುಟ ಇರುವ ಪಾಠ. ನಾನು ಪೆನ್ನು ಹಿಡಿದುಕೊಂಡು ಹಾಗೇ ಕೂತೆ. ಹಾಳೆಯ ಮೇಲೆ ನನ್ನ ಕೈ ಅಲ್ಲಾಡದ್ದನ್ನು ನೋಡಿ ಮುಂದಿನ ಬೆಂಚಿನ ಹುಡುಗಿ, ಅಂದರೆ ಯಾವಾಗಲೂ ಉತ್ತರ ಹೇಳುವ ಹುಡುಗಿ, "ಮೇಡಂ, ಸ್ಟಕ್ ಆಗಿದೀರಾ?" ಅಂದಳು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಮೂರು ವಾರದಿಂದ ನಾನು ಮೇಲಿನ ಗೂಡು ನೋಡಿಯೇ ವರದಿ ಬರೆದಿದ್ದೆ. ಮಾತಾಡುವ ಐದಾರು ಮಕ್ಕಳ ಮನೆಯಲ್ಲಿ ಓದಲು ಬೇರೆ ಕೋಣೆ ಇತ್ತು, ಸಿಗ್ನಲ್ ಇತ್ತು. ಅವರ "ಆಯ್ತು ಮೇಡಂ"ನಿಂದ ನಾನು 52 ಮಂದಿಗೆ ಬೆಲೆ ಕಟ್ಟಿದ್ದೆ. ಇದು ತಪ್ಪು ಅಂತ ಬೇರೆಯವರಿಗೆ ಕಲಿಸುವುದೇ ನನ್ನ ಕೆಲಸ.

ರ್ಯಾಂಡಮ್ ನಂಬರ್ ಟೇಬಲ್, ಅಂದರೆ ಯಾವ ಕ್ರಮವೂ ಇಲ್ಲದೆ ಬರುವ ಅಂಕಿಗಳ ಪಟ್ಟಿ, ತೋರಿಸಲು ಹೇಗೂ ಪುಸ್ತಕ ತೆಗೆದಿಟ್ಟಿದ್ದೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಟಿಪ್ಪೆಟ್ 1927ರಲ್ಲಿ ಪ್ರಕಟಿಸಿದ ಪಟ್ಟಿಯ ಒಂದು ತುಂಡು ಅದರಲ್ಲಿತ್ತು. ಹಾಳೆಯ ಪಕ್ಕ ಇಟ್ಟೆ. ಎರಡೆರಡು ಅಂಕಿ ಓದುತ್ತಾ ಹೋಗೋಣ, 52 ದಾಟಿದ್ದನ್ನೂ ಸೊನ್ನೆಸೊನ್ನೆಯನ್ನೂ ಬಿಡೋಣ, ಬಂದ ರೋಲ್ ನಂಬರಿನವರು ಮಾತಾಡಬೇಕು ಅಂದೆ. ತಪ್ಪು ಹೇಳಿದರೆ ಬೈಯುವುದಿಲ್ಲ, ಏನು ಅರ್ಥವಾಗಿಲ್ಲವೋ ಅದನ್ನು ಹೇಳಿ ಅಂದೆ.

ಮೊದಲು ಬಂದದ್ದು 31. ಅರ್ಧ ನಿಮಿಷ ಕಾದೆ. ಮೈಕ್ ತೆರೆಯಲಿಲ್ಲ, ಚಾಟ್‌ನಲ್ಲಿ ಒಂದು ಸಾಲು ಬಂತು. "ಮೇಡಂ ಮನೇಲಿ ಒಂದೇ ರೂಮು, ಎಲ್ಲಾರೂ ಇದಾರೆ, ಮಾತಾಡಕ್ಕಾಗಲ್ಲ, ಬರೀತೀನಿ." ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬರೆದಳು. ಎರಡನೆಯದು 7. ಹೆಸರಿತ್ತು, ಆಳಿರಲಿಲ್ಲ. ಸಂಜೆ ಫೋನ್ ಮಾಡಿದಾಗ ಗೊತ್ತಾಯಿತು, ಮೀಟಿಂಗಿಗೆ ಸೇರಿಕೊಂಡು ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಟೊಮೇಟೊ ಬಿಡಿಸಲು ಹೋಗಿದ್ದ. ಹಾಜರಿ ಹೋಗಬಾರದು ಅಂತ.

ಮೂರನೆಯದು 44. ಮೈಕ್ ತೆರೆಯಿತು, ಕುಕ್ಕರ್ ಕೂಗಿತು, ಮತ್ತೆ ಮುಚ್ಚಿತು. ಎರಡನೇ ಸಲ ತೆರೆದಾಗ ಅವಳ ದನಿ ನಡುಗುತ್ತಿತ್ತು.

"ಮೇಡಂ, ಸ್ಟ್ಯಾಂಡರ್ಡ್ ಡೀವಿಯೇಷನ್‌ಗೂ ಸ್ಟ್ಯಾಂಡರ್ಡ್ ಎರರ್‌ಗೂ ಏನು ವ್ಯತ್ಯಾಸ ಅಂತ ನಂಗೆ ಮೊದಲಿಂದಾನೂ ಅರ್ಥ ಆಗಿಲ್ಲ."

ಅದನ್ನು ನಾನು ಹೇಳಿ ಮೂರು ವಾರವಾಗಿತ್ತು. ಅದರ ಮೇಲೆ ಮೂರು ಪಾಠ ಕಟ್ಟಿದ್ದೆ. ಹೊಸ ಹಾಳೆ ತೆಗೆದು ಶ್ಯಾವಿಗೆ ಒತ್ತಿನ ಕೆಳಗಿಟ್ಟೆ. ಗೂಡಿನ ರಾಶಿ ಬರೆದೆ. ಒಂದೊಂದು ಗೂಡಿನ ತೂಕ ಒಂದೊಂದು ಥರ ಇರುತ್ತದೆ, ಆ ಹೆಚ್ಚುಕಡಿಮೆಯೇ ಡೀವಿಯೇಷನ್ ಅಂದೆ. ಈಗ ಒಂದು ಹಿಡಿ ತೆಗೆದು ಅದರ ಸರಾಸರಿ ಬರೆದಿಡು. ವಾಪಸ್ ಹಾಕಿ ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಆ ಸರಾಸರಿಗಳ ನಡುವಿನ ಹೆಚ್ಚುಕಡಿಮೆ ಸ್ಟ್ಯಾಂಡರ್ಡ್ ಎರರ್. ಹಿಡಿ ದೊಡ್ಡದಾದಷ್ಟೂ ಅದು ಇಳಿಯುತ್ತದೆ. 25 ಗೂಡಿನ ಬದಲು 100 ಗೂಡು ತೆಗೆದರೆ ಅರ್ಧಕ್ಕಿಳಿಯುತ್ತದೆ. ರಾಶಿಯೊಳಗಿನ ಹೆಚ್ಚುಕಡಿಮೆ ಮಾತ್ರ ಎಷ್ಟು ದೊಡ್ಡ ಹಿಡಿ ತೆಗೆದರೂ ಹಾಗೇ ಇರುತ್ತದೆ.

"ಓ" ಅಂದಳು. ಅಷ್ಟೇ. ಹಿಂದೆಯೇ ಇನ್ನೂ ಮೂರ್ನಾಲ್ಕು ಮೈಕ್ ತೆರೆದವು. ಅವರಿಗೂ ಅರ್ಥವಾಗಿರಲಿಲ್ಲ.

ಅವತ್ತು ಮಹಲನೋಬಿಸ್ ಬಗ್ಗೆ ಬರೆದಿಟ್ಟುಕೊಂಡದ್ದರಲ್ಲಿ ಅರ್ಧ ಹೇಳಲಾಗಲಿಲ್ಲ. ಹಿಂದಿನ ಮೂರು ಪಾಠ ಮತ್ತೆ ಮಾಡಿದೆ. ವರದಿಯಲ್ಲಿ ಈ ಸಲ ಬೇರೆ ಬರೆದೆ. ಎಷ್ಟು ಜನ ಹೆಸರಿಗೆ ಇದ್ದಾರೆ, ಎಷ್ಟು ಜನ ಕೇಳುತ್ತಿದ್ದಾರೆ ಅಂತ ಎರಡೂ ಬರೆದೆ. ಪಾಠದ ದನಿಯನ್ನು ರೆಕಾರ್ಡ್ ಮಾಡಿ, ಹಾಳೆಗಳ ಫೋಟೋ ಜೊತೆ ವಾಟ್ಸಾಪ್ ಗುಂಪಿಗೆ ಹಾಕತೊಡಗಿದೆ. ಹೊಲದಿಂದ ಬಂದು ರಾತ್ರಿ ಕೇಳಿಕೊಳ್ಳಲಿ ಅಂತ. ದಿನಾ ಪಾಠದ ಮಧ್ಯೆ ಟಿಪ್ಪೆಟ್ ಪಟ್ಟಿಯಿಂದ ಮೂರು ನಂಬರ್ ತೆಗೆಯುವುದಂತೂ ರೂಢಿಯೇ ಆಯಿತು.

ಆ ವಾರದ ಶುಕ್ರವಾರ ಪಟ್ಟಿಯಲ್ಲಿ ಬೆರಳಿಟ್ಟೆ, 18 ಬಂತು. ಶಿಡ್ಲಘಟ್ಟದ ಹುಡುಗನ ನಂಬರ್. ಕರೆದೆ. ಅವನ ಬಣ್ಣದ ದುಂಡು ಇರಲೇ ಇಲ್ಲ. ಇನ್ನೊಂದು ಸಲ ಕರೆಯುವಷ್ಟರಲ್ಲಿ ಒಂದು ಮೈಕ್ ತೆರೆಯಿತು, ಇನ್ನೊಂದು, ಮತ್ತೆ ಐದಾರು. ಯಾವತ್ತೂ ಬಾಯಿ ಬಿಡದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು.

"ಮೇಡಂ, ಅವ್ನು ಬರಲ್ಲ ಮೇಡಂ. ಅವ್ರ ಮನೇಲಿ ಹುಳ ಹಣ್ಣಾಗಿದೆ. ಚಂದ್ರಿಕೆಗೆ ಬಿಡ್ತಾ ಇದಾರೆ."