ನಿಂಬೆಹಣ್ಣಿನಷ್ಟು ಮುದ್ದೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಸಾರಲ್ಲಿ ಹೊರಳಿಸಿ, ನಾಲಿಗೆ ಮೇಲಿಟ್ಟು ನುಂಗುತ್ತೇವೆ. ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯವಳು. ಶಾಲೆಗೆ ಸೇರುವ ಮೊದಲೇ ಅವ್ವ ನನಗೆ ನುಂಗುವುದನ್ನು ಕಲಿಸಿದ್ದಳು. "ಅಗೀಬ್ಯಾಡ ಮಗ, ಹಲ್ಲಿಗೆ ಮೆತ್ಕತದೆ, ನುಂಗು" ಅನ್ನುತ್ತಿದ್ದಳು. 39ನೇ ವಯಸ್ಸಿನಲ್ಲಿ ನಾನು ಅದನ್ನು ಬಿಟ್ಟು, ಅಗಿಯುವುದನ್ನು ಹೊಸದಾಗಿ ಕಲಿಯಬೇಕಾಯಿತು.

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನನಗೆ ತೂಕ ಇಳಿಸುವ ಆಪರೇಷನ್ ಆಯಿತು. ಅದನ್ನು ಸ್ಲೀವ್ ಅಂತಾರೆ. ಹೊಟ್ಟೆ ಮೇಲೆ ಸಣ್ಣ ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ನನಗೆ ಹಸಿವು ಅನ್ನುವುದೇ ಇರಲಿಲ್ಲ.

ಆಗ ನಾನು 108 ಕೆಜಿ ಇದ್ದೆ. ಎತ್ತರ 5 ಅಡಿ 2 ಇಂಚು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೊರಕೆ ನಿಂತು ಸದ್ದಿಲ್ಲದಂತಾದರೆ ನಮ್ಮನೆಯವರು ಗಾಬರಿಯಿಂದ ತಟ್ಟಿ ಎಬ್ಬಿಸುತ್ತಿದ್ದರು. ಅವರು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದಾರೋ ಲೆಕ್ಕ ಇಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬೋರ್ಡಿನ ಮುಂದೆ ನಿಂತು ಒಂದು ಲೆಕ್ಕ ಪೂರ್ತಿ ಬಿಡಿಸುವಷ್ಟರಲ್ಲಿ ಮಂಡಿ ಸೋಲುತ್ತಿತ್ತು. ಡಯಟ್, ವಾಕಿಂಗ್, ಕಷಾಯ, ಪುಡಿ ಎಲ್ಲ ಆಗಿತ್ತು. ಎಂಟು ಕೆಜಿ ಇಳಿಯುತ್ತಿದ್ದೆ, ಹತ್ತು ಏರುತ್ತಿದ್ದೆ.

ಆಪರೇಷನ್ ಮಾಡಿಸಿಕೊಂಡೆ ಅಂದರೆ "ಸುಲಭದ ದಾರಿ ಹಿಡಿದೆ" ಅನ್ನುವವರು ಈಗಲೂ ಇದ್ದಾರೆ. ಆ ಮಾತು ನನಗೆ ನಿಜವಾಗಿ ನೋವು ಕೊಡುತ್ತದೆ. ಜಠರ ಕತ್ತರಿಸುವುದು ಡಾಕ್ಟರ ಕೆಲಸ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ಪ್ರತಿ ತುತ್ತೂ ನನ್ನ ಕೆಲಸ.

ಆಪರೇಷನ್ ಆದ ಸಂಜೆಯೇ ನರ್ಸ್ ಎಬ್ಬಿಸಿ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಹೊಟ್ಟೆಗಿಂತ ಹೆಗಲು ಜಾಸ್ತಿ ನೋಯುತ್ತಿತ್ತು. ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ತುಂಬುವ ಗ್ಯಾಸಿನಿಂದ ಹಾಗಾಗುತ್ತದಂತೆ, ನಡೆದಷ್ಟೂ ಬೇಗ ಹೋಗುತ್ತದೆ. ಮಾರನೇ ದಿನ ಔಷಧಿ ಕುಡಿಯುವ ಪುಟ್ಟ ಪ್ಲಾಸ್ಟಿಕ್ ಲೋಟ ಕೊಟ್ಟರು. 30 ಮಿಲಿ ನೀರು. ಅದನ್ನು ಹದಿನೈದು ನಿಮಿಷ ಗುಟುಕರಿಸಬೇಕು. ಆ ಲೋಟ ಇವತ್ತಿಗೂ ನನ್ನ ಅಡುಗೆಮನೆಯ ಸ್ಟ್ಯಾಂಡಿನಲ್ಲಿದೆ.

ಊರಿಗೆ ಬಂದಾಗ ಅವರೆಕಾಯಿ ಕಾಲ. ಸೊಗಡು ಅವರೆ ಬೀದಿ ಬೀದಿಯಲ್ಲೂ. ಪಕ್ಕದ ಮನೆಯವರು ಹಿತಕಿದಬೇಳೆ ಸಾರಿಗೆ ಒಗ್ಗರಣೆ ಹಾಕಿದರೆ ನಮ್ಮನೆ ಹಜಾರದ ತನಕ ವಾಸನೆ ಬರುತ್ತಿತ್ತು. ನನಗೆ ಹಸಿವಿರಲಿಲ್ಲ. ಆದರೂ ಕಿಟಕಿ ಹತ್ತಿರ ಕೂತು ಅತ್ತಿದ್ದೇನೆ. ಹಸಿವು ಬೇರೆ, ಆಸೆ ಬೇರೆ ಅಂತ ಅವತ್ತು ಗೊತ್ತಾಯಿತು. ಕತ್ತರಿಸಿ ತೆಗೆದ ಜಠರದಲ್ಲಿ ಆಸೆ ಇರಲೇ ಇಲ್ಲ.

ಎರಡು ವಾರ ಬರೀ ನೀರಾದದ್ದು. ಮಜ್ಜಿಗೆ, ಎಳನೀರು, ಸೋಸಿದ ಬೇಳೆಕಟ್ಟು, ನೀರಾದ ರಾಗಿ ಗಂಜಿ, ಪ್ರೋಟೀನ್ ಪುಡಿ ಕಲಸಿದ ಹಾಲು. ಅವ್ವ ಹುರುಳಿಕಾಳು ಬೇಯಿಸಿ ಕಟ್ಟು ಬಸಿದು ತರುತ್ತಿದ್ದಳು. ಅದರಲ್ಲೇ ಎಲ್ಲ ಶಕ್ತಿ ಇದೆ ಅಂತ ಅವಳ ನಂಬಿಕೆ. ಕಟ್ಟಿನಲ್ಲಿ ರುಚಿ ಬರುತ್ತದೆ, ಪ್ರೋಟೀನ್ ಜಾಸ್ತಿ ಕಾಳಿನಲ್ಲೇ ಉಳಿಯುತ್ತದೆ ಅಂತ ಡಯಟಿಷಿಯನ್ ಮೇಡಂ ಹೇಳಿದರು. ಆಮೇಲಿನ ಎರಡು ವಾರ ಅದೇ ಕಾಳನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಸೋಸಿ, ಚಮಚದಲ್ಲಿ ತಿಂದೆ. ನಂತರ ಮೆತ್ತಗಿನ ಇಡ್ಲಿ, ಬೇಯಿಸಿದ ಮೊಟ್ಟೆ, ಮಿದ್ದ ಪನೀರ್. ಎರಡು ತಿಂಗಳ ಹೊತ್ತಿಗೆ ಮನೆ ಊಟಕ್ಕೆ ಬಂದೆ.

ಮುದ್ದೆಗೆ ಮಾತ್ರ ಮೂರು ತಿಂಗಳು ಕಾದೆ. 2023ರ ಯುಗಾದಿ ಮಾರನೇ ದಿನ, ಹೊಸತೊಡಕಿಗೆ ತವರಿಗೆ ಹೋಗಿದ್ದೆ. ನಾಟಿಕೋಳಿ ಸಾರು, ಬಿಸಿ ಮುದ್ದೆ. ಅಣ್ಣ, ಅತ್ತಿಗೆ, ಮಕ್ಕಳು ಎಲ್ಲ ಸಾಲಾಗಿ ಕೂತಿದ್ದೆವು. ಮಾತಾಡುತ್ತ ಮಾತಾಡುತ್ತ ಕೈ ತಾನಾಗಿಯೇ ಮುರಿಯಿತು, ಗಂಟಲು ತಾನಾಗಿಯೇ ನುಂಗಿತು. ಅಡಿಕೆ ಗಾತ್ರದ ಒಂದೇ ತುತ್ತು. ಎದೆಯ ನಡುವೆ ಕಲ್ಲಿಟ್ಟ ಹಾಗೆ ನಿಂತಿತು. ಕೆಳಗೆ ಹೋಗಲಿಲ್ಲ, ಮೇಲೆ ಬರಲಿಲ್ಲ. ಬಾಯಿ ತುಂಬ ಜೊಲ್ಲು, ಆಮೇಲೆ ಬಿಳಿ ನೊರೆ. ಹಿತ್ತಿಲಿಗೆ ಓಡಿ ತೆಂಗಿನಮರ ಹಿಡಿದು ನಿಂತೆ. ನೀರು ಕುಡಿದರೆ ಇಳಿಯುತ್ತೆ ಅಂತ ಅತ್ತಿಗೆ ಚೊಂಬು ತಂದರು. ನೀರು ಕುಡಿದರೆ ಇನ್ನೂ ಕೆಟ್ಟದ್ದು, ನಿಂತಿದ್ದರ ಮೇಲೆ ಹೋಗಿ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಅದು ಹಾಗೇ ವಾಪಸ್ ಬಂತು. ಉಂಡೆ ಉಂಡೆಯಾಗೇ ಇತ್ತು.

ಅವ್ವ ಹಿತ್ತಿಲ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. "ಒಂದು ತುತ್ತು ಮುದ್ದೆ ಉಣ್ಣಕ್ಕಾಗದಂಗೆ ಮಾಡ್ಕಂಡ್ಯಲ್ಲವ್ವಾ" ಅಂದಳು. ಬೈಗುಳ ಅಲ್ಲ ಅದು. ಅವಳಿಗೆ ನನ್ನ ಮೇಲಿನ ಪ್ರೀತಿ ತೋರಿಸುವುದಕ್ಕೆ ಗೊತ್ತಿದ್ದ ದಾರಿ ಅದೊಂದೇ, ಬಡಿಸುವುದು. ಆ ದಾರಿ ಮುಚ್ಚಿ ಹೋಯಿತು ಅನ್ನಿಸಿರಬೇಕು.

ಆ ದಿನದಿಂದ ಅಗಿಯುವುದನ್ನು ಅಭ್ಯಾಸ ಮಾಡಿದೆ. ಪ್ರತಿ ತುತ್ತು ಇಪ್ಪತ್ತೈದು ಸಲ. ಮೊದಮೊದಲು ಎಣಿಸುತ್ತಿದ್ದೆ. ತುತ್ತು ಬಾಯಿಗಿಟ್ಟ ಮೇಲೆ ಚಮಚ ಕೆಳಗಿಡುತ್ತಿದ್ದೆ. ಕೈ ಖಾಲಿಯಿದ್ದರೆ ಬಾಯಿಗೆ ಅವಸರ ಇರುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸುವುದು, ಊಟ ಆಗಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡುವುದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಹೋಗಲೇಬೇಕು, ಗುಟುಕು ಗುಟುಕಾಗಿ. ನನಗೆ ಪೀರಿಯಡ್ ಬೆಲ್ಲೇ ಗಡಿಯಾರ. ಬೆಲ್ ಹೊಡೆದಾಗ ಒಂದೆರಡು ಗುಟುಕು, ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿದಾಗ ಇನ್ನೊಂದೆರಡು.

ಪ್ರೋಟೀನ್ ಮೊದಲು, ಆಮೇಲೆ ಪಲ್ಯ, ಜಾಗ ಇದ್ದರೆ ಅನ್ನವೋ ಮುದ್ದೆಯೋ. ಇದು ನಮ್ಮ ತಟ್ಟೆಯನ್ನು ಬುಡಮೇಲು ಮಾಡಿದ ಹಾಗೆ. ನಮ್ಮಲ್ಲಿ ಮುದ್ದೆ ದೊಡ್ಡದು, ಸಾರಿನ ಕಾಳು ನೆಂಚಿಕೊಳ್ಳುವುದಕ್ಕೆ. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಅಂದಿದ್ದರು. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, ಒಂದು ಲೋಟ ಹಾಲಿಗೂ ಅಷ್ಟೇ, 50 ಗ್ರಾಂ ಪನೀರಿಗೆ 9. ಗಣಿತದ ಮೇಷ್ಟ್ರಾದರೂ ಮೊದಲ ವಾರ ಆ ಲೆಕ್ಕ ಕೂಡುತ್ತ ಸುಸ್ತಾದೆ. ಈಗ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುವ ಹೊತ್ತಿಗೆ ನಾನೂ ನನ್ನ ಡಬ್ಬಿ ತೆಗೆಯುತ್ತೇನೆ. ಒಂದು ಮೊಟ್ಟೆ, ಎರಡು ಚಮಚ ಮೊಳಕೆಕಾಳು ಪಲ್ಯ. ಮಕ್ಕಳು ಆಟಕ್ಕೆ ಓಡಿದ ಮೇಲೂ ನನ್ನದು ಮುಗಿದಿರುವುದಿಲ್ಲ.

ಮಾತ್ರೆಗಳು ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ, ಕಬ್ಬಿಣ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ನಡುವೆ ಎರಡು ಗಂಟೆ ಅಂತರ ಇರಬೇಕು, ಒಟ್ಟಿಗೆ ತಗೊಂಡರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಂಡಿ ನೋವಿಗೆ ಅಂಗಡಿಯಲ್ಲಿ ಕೇಳಿ ತರುತ್ತಿದ್ದ ಐಬುಪ್ರೊಫೆನ್ ಥರದ ಮಾತ್ರೆ ಪೂರ್ತಿ ಬಂದ್, ಜಠರಕ್ಕೆ ಹುಣ್ಣು ಮಾಡುತ್ತವೆ. ಸಕ್ಕರೆ ಮಾತ್ರೆಯನ್ನು ಡಾಕ್ಟರು ಮೊದಲ ತಿಂಗಳೇ ಅರ್ಧ ಮಾಡಿದರು, ಐದನೇ ತಿಂಗಳು ನಿಲ್ಲಿಸಿದರು. ನೀವಾಗಿ ನಿಲ್ಲಿಸಬೇಡಿ ದಯವಿಟ್ಟು. ಜ್ವರ, ಎದೆ ಡವಡವ, ಹೊಟ್ಟೆ ನೋವು ಮೊದಲ ವಾರಗಳಲ್ಲಿ ಬಂದರೆ ಅಥವಾ ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.

ನಾಲ್ಕನೇ ತಿಂಗಳು ಕೂದಲು ಉದುರಲು ಶುರುವಾಯಿತು. ಬಾಚಣಿಗೆ ತುಂಬ, ದಿಂಬಿನ ಮೇಲೆ, ಬಚ್ಚಲಿನ ತೂತಿನಲ್ಲಿ. ನನ್ನ ಜಡೆ ಮೊದಲಿಂದಲೂ ದಪ್ಪ. ಹೂ ಮುಡಿದರೆ ಕ್ಲಿಪ್ ಬೇಕಿರಲಿಲ್ಲ. ತೂಕ ಇಳಿದ ಖುಷಿಯೆಲ್ಲ ಆ ಬಾಚಣಿಗೆ ನೋಡಿದರೆ ಹೋಗುತ್ತಿತ್ತು. ದೊಡ್ಡ ಆಪರೇಷನ್ ಆಗಿ, ತೂಕ ಬೇಗ ಇಳಿದಾಗ ಹೀಗಾಗುತ್ತದೆ, ಬೇರು ಸತ್ತಿರುವುದಿಲ್ಲ, ಮತ್ತೆ ಬರುತ್ತದೆ ಅಂತ ಮೇಡಂ ಹೇಳಿದ್ದರು. ನಂಬುವುದು ಕಷ್ಟವಾಗಿತ್ತು. ಭಾನುವಾರ ಅವ್ವ ಹರಳೆಣ್ಣೆ ಹಚ್ಚುತ್ತ ಉದುರಿದ ಕೂದಲನ್ನು ನನಗೆ ಕಾಣದ ಹಾಗೆ ಸುತ್ತಿ ಮಡಿಲಲ್ಲಿ ಬಚ್ಚಿಡುತ್ತಿದ್ದಳು. ಒಂಬತ್ತನೇ ತಿಂಗಳು ಹಣೆಯ ಅಂಚಿನಲ್ಲಿ ಮಗುವಿನ ಕೂದಲಿನ ಹಾಗೆ ಹೊಸದು ಎದ್ದು ನಿಂತಿತು. ಮೊದಲು ನೋಡಿದ್ದು ಅವಳೇ.

ಹೋದ ವಾರ ಅರಸೀಕೆರೆಯ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಆಪರೇಷನ್ ಆಗಿ 24 ದಿನ. ಎಂಟು ದಿನದಿಂದ ತೂಕ ಒಂದು ಗ್ರಾಂ ಇಳಿದಿಲ್ಲ, ನನಗೆ ಆಪರೇಷನ್ ಫೇಲ್ ಆಗಿದೆ ಅಕ್ಕ ಅಂತ ಅತ್ತಳು. ಈ ಬರಹ ಬರೆಯಲು ಅವಳೇ ಕಾರಣ. ಮೂರನೇ ವಾರದ ಹೊತ್ತಿಗೆ ತುಂಬ ಜನರಿಗೆ ತೂಕ ಹೀಗೆ ನಿಲ್ಲುತ್ತದೆ ಕಣಮ್ಮ. ಮೊದಲು ಸರಸರ ಇಳಿದದ್ದರಲ್ಲಿ ನೀರಿನ ಪಾಲೂ ಇರುತ್ತದೆ, ಈಗ ಮೈ ಅದನ್ನು ಸರಿ ಮಾಡಿಕೊಳ್ಳುತ್ತಿದೆ. ನನಗೂ ಹನ್ನೊಂದು ದಿನ ನಿಂತಿತ್ತು. ದಿನಕ್ಕೆ ಮೂರು ಸಲ ಮಷೀನ್ ಮೇಲೆ ಹತ್ತುತ್ತಿದ್ದೆ. ಕೊನೆಗೆ ನಮ್ಮನೆಯವರು ಅದನ್ನು ಅಟ್ಟದ ಮೇಲಿಟ್ಟು, ಭಾನುವಾರ ಬೆಳಿಗ್ಗೆ ಮಾತ್ರ ಇಳಿಸಿಕೊಡುತ್ತೇನೆ ಅಂದರು.

ಮಷೀನ್ ಬದಲು ನನಗೆ ಒಂದು ಬ್ಲೌಸ್ ಸಿಕ್ಕಿತು. ನೀಲಿ ಬಣ್ಣದ್ದು, ಆಪರೇಷನ್‌ಗೆ ಮೊದಲಿನದು. ಎರಡು ತಿಂಗಳಿಗೊಮ್ಮೆ ಅದರ ಪಕ್ಕ ಹಿಡಿಸುತ್ತಿದ್ದೆ. ಹಳೇ ಹೊಲಿಗೆ ಬಿಚ್ಚಬೇಡಿ ಅಂತ ಟೈಲರ್‌ಗೆ ಹೇಳಿದ್ದೆ. ಒಳಗೆ ತಿರುಗಿಸಿದರೆ ಆರು ಗೆರೆ ಇವೆ, ಒಂದರ ಪಕ್ಕ ಒಂದು. ಎರಡನೇ ಗೆರೆಗೂ ಮೂರನೇ ಗೆರೆಗೂ ಅಂತರ ದಾರದಷ್ಟೇ. ಅದು ಕೂದಲು ಉದುರುತ್ತಿದ್ದ ಕಾಲ. ಮನಸ್ಸು ಕುಸಿದ ದಿನ ಬೀರು ತೆಗೆದು ಆ ಗೆರೆಗಳ ಮೇಲೆ ಬೆರಳಾಡಿಸುತ್ತೇನೆ.

ಶ್ರವಣಬೆಳಗೊಳ ನಮಗೆ ಹತ್ತಿರ. 2018ರ ಮಹಾಮಸ್ತಕಾಭಿಷೇಕಕ್ಕೆ ಸ್ಟಾಫ್ ಎಲ್ಲ ವಿಂಧ್ಯಗಿರಿ ಹತ್ತಿದರು, ನಾನು ಕೆಳಗೆ ಕಲ್ಯಾಣಿ ಹತ್ತಿರ ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತ ಕೂತಿದ್ದೆ. 2024ರ ಜನವರಿಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಹತ್ತಿದೆ. ಬಂಡೆಯಲ್ಲಿ ಕಡಿದ 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು. ನಾಲ್ಕು ಕಡೆ ಕೂತೆ. ಮೇಲೆ ಹೋಗಿ ಗೊಮ್ಮಟನ ಪಾದದ ಹತ್ತಿರ ನಿಂತಾಗ ಮಾತು ಬರಲಿಲ್ಲ. ಒಬ್ಬ ಹುಡುಗಿ ಸುಮ್ನೆ ಬಂದು ಕೈ ಹಿಡಿದುಕೊಂಡಳು.

ಆ ಏಪ್ರಿಲ್‌ಗೆ 72 ಕೆಜಿಗೆ ಬಂದಿದ್ದೆ. ನಂತರದ ಒಂದು ವರ್ಷದಲ್ಲಿ 76 ದಾಟಿತು. ಇದನ್ನು ಬಚ್ಚಿಡಬಾರದು. ಮೊದಲ ಒಂದು, ಒಂದೂವರೆ ವರ್ಷ ಆಪರೇಷನ್ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ಹಸಿವು ಮೆಲ್ಲಗೆ ವಾಪಸ್ ಬರುತ್ತದೆ. ನನಗೆ ಮುದ್ದೆ, ಕೋಳಿ ಎರಡು ತುತ್ತಿಗೆ ಹೊಟ್ಟೆ ತುಂಬಿಸುತ್ತಿದ್ದವು. ನಿಪ್ಪಟ್ಟು, ಕೋಡುಬಳೆ, ಚುರುಮುರಿ ಹಾಗಲ್ಲ. ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಜಾರುತ್ತವೆ, ಎಷ್ಟು ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಟೆನ್ಷನ್ ಇದ್ದ ತಿಂಗಳು ಸ್ಟಾಫ್ ರೂಮಿನ ಮೇಜಿನ ಮೇಲೆ ನಿಪ್ಪಟ್ಟಿನ ಪೊಟ್ಟಣ ಸದಾ ಇರುತ್ತಿತ್ತು. ಅವಮಾನ ಆಗಿ ನಾಲ್ಕು ತಿಂಗಳು ಡಯಟಿಷಿಯನ್ ಹತ್ತಿರ ಹೋಗಲಿಲ್ಲ. ಅದೇ ನಾನು ಮಾಡಿದ ದೊಡ್ಡ ತಪ್ಪು. ಹೋದಾಗ ಅವರು ಬೈಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು ಮತ್ತು ಆ ಹೊತ್ತಿಗೆ ಮನಸ್ಸು ಹೇಗಿತ್ತು ಎರಡನ್ನೂ ಬರೆಯಿರಿ ಅಂದರು. ಎರಡು ವಾರ ಬರೆದು ನೋಡಿದರೆ ನಿಪ್ಪಟ್ಟಿನ ಮುಂದೆಲ್ಲ ಒಂದೇ ಪದ ಇತ್ತು, 'ಸುಸ್ತು'. ಈಗ ನಾಲ್ಕು ಗಂಟೆಗೆ ಹುರಿಗಡಲೆ, ಒಂದು ಲೋಟ ಹಾಲು, ಹತ್ತು ನಿಮಿಷ ಮೈದಾನದಲ್ಲಿ ಸುತ್ತು. 74ಕ್ಕೆ ಬಂದಿದ್ದೇನೆ.

ಮದುವೆ ಮನೆ, ಬೀಗರೂಟ ಇನ್ನೂ ಕಷ್ಟ. ಎಲೆಯಲ್ಲಿ ಬಿಡಬಾರದು ಅಂತ ಬೆಳೆದವರು ನಾವು. ಸಾಕು ಅನ್ನಿಸುವ ಒಂದು ತುತ್ತು ಮೊದಲೇ ಕೈ ಎತ್ತಬೇಕು. ಎಲೆ ಮೇಲೆ ಉಳಿದ ಅನ್ನ ನೋಡಿದರೆ ಈಗಲೂ ಕಣ್ಣು ತಗ್ಗಿಸುತ್ತೇನೆ.

ಈ ಡಿಸೆಂಬರ್‌ಗೆ ಮೂರು ವರ್ಷ ಆಯಿತು. ಮತ್ತೆ ಅವರೆಕಾಯಿ ಬಂದಿದೆ. ಮೊನ್ನೆ ಭಾನುವಾರ ತವರಿಗೆ ಹೋಗಿದ್ದೆ. ಅವ್ವ ಮುದ್ದೆ ಕಟ್ಟುವಾಗ ಕೊನೆಗೆ ಒಂದು ಹಿಡಿ ಹಿಟ್ಟು ಬೇರೆ ಉಳಿಸಿ, ಅಂಗೈಯಲ್ಲಿ ತಿರುಗಿಸಿ ನಿಂಬೆಹಣ್ಣಿನಷ್ಟು ಪುಟ್ಟ ಮುದ್ದೆ ಮಾಡುತ್ತಾಳೆ. ಅದು ನನ್ನದು. ಹಿತಕಿದಬೇಳೆ ಸಾರನ್ನು ಮೊದಲು ಬೇಳೆ ಬೇಳೆಯಾಗಿ ತಿಂದೆ. ಆಮೇಲೆ ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಅಗಿದು ಅಗಿದು ತಿಂದೆ. ಅಗಿದ ರಾಗಿಗೆ ಒಂದು ಸಿಹಿ ಇದೆ. ಅಷ್ಟು ವರ್ಷ ನುಂಗಿದವಳಿಗೆ ಅದು ಗೊತ್ತೇ ಇರಲಿಲ್ಲ. ಎಲ್ಲರೂ ಎದ್ದು ಹೋದರು. ಅವ್ವ ಮಾತ್ರ ಎದುರಿಗೆ ಕೂತು ರಾತ್ರಿಗೆ ಅಂತ ಇನ್ನಷ್ಟು ಬೇಳೆ ಹಿತುಕುತ್ತಿದ್ದಳು. ಅರ್ಧ ಗಂಟೆ ಆಗಿರಬೇಕು. ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು. ನಾನು ಕೈ ನಿಲ್ಲಿಸಿದೆ. ಅವ್ವ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಉಳಿದದ್ದನ್ನು ಸಾರಲ್ಲಿ ಹೊರಳಿಸಿ ನುಂಗಿದಳು.